ಹೇಳೋರಿಲ್ಲ, ಕೇಳೋರಿಲ್ಲ

ಅಕ್ಟೋಬರ್ 30, 2011, ಭಾನುವಾರ ರಾತ್ರಿ. ಅರಮನೆ ಮೈದಾನದಿಂದ ಹೊರಗೆ ಬಂದಾಗ ನನ್ನ ಗಂಟಲಲ್ಲಿ ದನಿಯೇ ಇರಲಿಲ್ಲ. ಮೇಖ್ರಿ ಸರ್ಕಲ್ ಕಡೆ ಸಾವಿರಾರು ಕಪ್ಪು ಟೀ ಶರ್ಟುಗಳು ನಡೆದು ಹೋಗುತ್ತಿದ್ದವು. ಆಟೋದವನಿಗೆ ಎಲ್ಲಿಗೆ ಅಂತ ಹೇಳೋಕೂ ನನ್ನ ಹಳೇ ಹಾಸ್ಟೆಲ್ ರೂಮ್‌ಮೇಟೇ ಬೇಕಾಯ್ತು. ಎರಡು ದಿನ ಮುಂಚೆ ಗುರುಗಾಂವ್‌ನಲ್ಲಿ ಇದೇ ಬ್ಯಾಂಡಿನ ಕಾರ್ಯಕ್ರಮ ಕೊನೇ ಗಳಿಗೆಯಲ್ಲಿ ರದ್ದಾಗಿ ಗಲಾಟೆಯಾಗಿತ್ತು. ಇಲ್ಲೂ ಹಾಗೇ ಆದರೆ ಅಂತ ಶನಿವಾರವಿಡೀ ಹೊಟ್ಟೆಯಲ್ಲಿ ಸಂಕಟ. ಆಗಲಿಲ್ಲ. ಮೆಟಾಲಿಕಾ ಬಂತು, ನುಡಿಸಿತು, ನಾನು 'ಒನ್' ಶುರುವಾದಾಗ ಪಕ್ಕದಲ್ಲಿದ್ದ ಗುರುತಿಲ್ಲದ ಹುಡುಗನ ಹೆಗಲ ಮೇಲೆ ಕೈ ಹಾಕಿಕೊಂಡು ಅತ್ತೆ. ಮೂವತ್ತಮೂರು ವರ್ಷದ, ಹೋಮ್ ಲೋನ್ ಇರುವ ಗಂಡಸು.

ಆ ರಾತ್ರಿ ನನಗೆ ಇನ್ನೊಂದು ಖುಷಿಯೂ ಇತ್ತು. ಮಾರನೇ ದಿನ, ಅಂದರೆ ಅಕ್ಟೋಬರ್ 31ಕ್ಕೆ, ಅವರ ಹೊಸ ಆಲ್ಬಂ. ನವೆಂಬರ್ 1ಕ್ಕೆ ಅಮೆರಿಕದಲ್ಲೂ ಬಿಡುಗಡೆ. ಹೆಸರು 'ಲುಲು'. ಜತೆಗಾರ ಲೂ ರೀಡ್. ಬಿಡುಗಡೆಗೆ ಮುಂಚೆಯೇ ಇಂಟರ್ನೆಟ್ಟಿನಲ್ಲಿ ಪೂರ್ತಿ ಕೇಳೋಕೆ ಬಿಟ್ಟಿದ್ದರು. ಆಫೀಸಲ್ಲಿ ಅರ್ಧ ಜನ ಆಗಲೇ ಕೇಳಿ ನಗಾಡಿ ಮುಗಿಸಿದ್ದರು. ನಾನು ಹಟ ಹಿಡಿದು ಕೇಳಿರಲಿಲ್ಲ. ಮೊದಲು ಬ್ಯಾಂಡನ್ನು ಕಣ್ಣಾರೆ ನೋಡಬೇಕು, ಆಮೇಲೆ ಹೊಸ ಹಾಡು. ಮದುವೆಗೆ ಮುಂಚೆ ಹುಡುಗಿಯ ಮುಖ ನೋಡಬಾರದು ಅನ್ನೋ ಹಳೇ ಕಾಲದವರ ಥರ.

ಕೇಳಿದ್ದು ರಾಜ್ಯೋತ್ಸವದ ದಿನ. ರಜಾ ಇತ್ತು. ನಮ್ಮ ಬೀದಿ ಕೊನೆಯಲ್ಲಿ ಶಾಮಿಯಾನ, ಹಳದಿ ಕೆಂಪು ಬಂಟಿಂಗ್ಸು, ಮಧ್ಯಾಹ್ನದಿಂದಲೇ ಮೈಕ್ ಟೆಸ್ಟಿಂಗ್. ಕಿಟಕಿ ಹಾಕಿಕೊಂಡು, ಹೆಡ್‌ಫೋನ್ ಏರಿಸಿಕೊಂಡು ಕೂತೆ. ಹತ್ತು ಹಾಡು, ಎಂಬತ್ತೇಳು ನಿಮಿಷ. ನಲವತ್ತನೇ ನಿಮಿಷದ ಹೊತ್ತಿಗೆ ಎದ್ದು ಕಿಟಕಿ ತೆಗೆದೆ. ಹೊರಗಿನ ಆರ್ಕೆಸ್ಟ್ರಾದವನು ಶ್ರುತಿ ತಪ್ಪಿ ಹಾಡುತ್ತಿದ್ದ. ಆದರೆ ತಬಲಾದವನು ಅವನನ್ನು ಕೇಳಿಸಿಕೊಳ್ಳುತ್ತಿದ್ದ, ಅವನು ಎಲ್ಲಿ ಜಾರುತ್ತಾನೋ ಅಲ್ಲಿ ಹಿಡಿದುಕೊಳ್ಳುತ್ತಿದ್ದ. ನನ್ನ ಹೆಡ್‌ಫೋನಿನೊಳಗೆ ಅಷ್ಟೂ ನಡೆಯುತ್ತಿರಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಫ್ರಾಂಕ್ ವೆಡೆಕಿಂಡ್ ಅಂತ ಜರ್ಮನ್ ನಾಟಕಕಾರ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಲುಲು ಎಂಬ ಹೆಣ್ಣಿನ ಬಗ್ಗೆ ಎರಡು ನಾಟಕ ಬರೆದ. ಅವಳನ್ನು ಬಯಸಿದವರೆಲ್ಲ ಹಾಳಾಗುತ್ತಾರೆ, ಕೊನೆಗೆ ಅವಳು ಲಂಡನ್ನಿನಲ್ಲಿ ಜಾಕ್ ದ ರಿಪ್ಪರ್ ಕೈಯಲ್ಲಿ ಸಾಯುತ್ತಾಳೆ. ಅದರ ಮೇಲೆ ಅಲ್ಬನ್ ಬರ್ಗ್ ಆಪೆರಾ ಬರೆದ, ಪಾಬ್ಸ್ಟ್ ಮೂಕಿ ಚಿತ್ರ ಮಾಡಿದ. ಈಚೆಗೆ ರಾಬರ್ಟ್ ವಿಲ್ಸನ್ ಅದನ್ನು ಬರ್ಲಿನ್ನಿನಲ್ಲಿ ರಂಗಕ್ಕೆ ತಂದಾಗ ಲೂ ರೀಡ್ ಹಾಡು ಬರೆದುಕೊಟ್ಟರು. ಇನ್ನೊಂದು ಕಡೆ, 2009ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಒಂದು ಸಮಾರಂಭದಲ್ಲಿ ರೀಡ್ ಮತ್ತು ಮೆಟಾಲಿಕಾ ಒಟ್ಟಿಗೆ ನುಡಿಸಿದ್ದರು. ಚೆನ್ನಾಗಿಯೇ ನುಡಿಸಿದ್ದರು. ಸರಿ, ಒಂದು ಆಲ್ಬಂ ಮಾಡೋಣ ಅಂದುಕೊಂಡರು. ಆ ನಾಟಕದ ಹಾಡುಗಳನ್ನೇ ತಂದು ಕ್ಯಾಲಿಫೋರ್ನಿಯಾದ ತಮ್ಮ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿದರು. ಹೆಚ್ಚಿನದೆಲ್ಲ ಮೊದಮೊದಲ ಟೇಕುಗಳೇ, ಕೂತಲ್ಲೇ ಹುಟ್ಟಿದ್ದು ಅಂತ ಸಂದರ್ಶನಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡರು.

ಕೇಳಿದರೆ ಗೊತ್ತಾಗುತ್ತದೆ, ಬಿಡಿ.

ನಮ್ಮೂರು ಸಾಗರದ ಕಡೆ. ಚಿಕ್ಕಂದಿನಲ್ಲಿ ದೊಡ್ಡಪ್ಪ ನನ್ನನ್ನು ತಾಳಮದ್ದಲೆಗೆ ಕರೆದುಕೊಂಡು ಹೋಗುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ, ಚಾಪೆ ಮೇಲೆ ಕೂತು ಮಾತು. ಭಾಗವತರು ಪದ್ಯ ಹೇಳುತ್ತಾರೆ, ಮದ್ದಲೆ ಚಂಡೆ ಮೊಳಗುತ್ತವೆ, ಪದ್ಯ ಮುಗಿದ ಕೂಡಲೇ ಎಲ್ಲ ನಿಲ್ಲುತ್ತದೆ. ಆಮೇಲೆ ಅರ್ಥಧಾರಿ ಬಾಯಿ ತೆರೆಯುತ್ತಾನೆ. ಅವನು ಮಾತಾಡುವಾಗ ಚಂಡೆ ಹೊಡೆಯೋದಿಲ್ಲ. ಅವನು ಮಾತನ್ನು ತೀರಾ ಎಳೆದರೆ, ಅಥವಾ ಎದುರಾಳಿ ಅರ್ಥಧಾರಿಯ ಜತೆ ಜಗಳಕ್ಕೆ ಬಿದ್ದು ಪ್ರಸಂಗವನ್ನೇ ಮರೆತರೆ, ಭಾಗವತರು ಸುಮ್ಮನೆ ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಎಷ್ಟೇ ದೊಡ್ಡ ಅರ್ಥಧಾರಿಯಾದರೂ ಆಗ ಬಾಯಿ ಮುಚ್ಚಲೇಬೇಕು.

'ಲುಲು' ಅಂದರೆ ಭಾಗವತರಿಲ್ಲದ ತಾಳಮದ್ದಲೆ. ಲೂ ರೀಡ್ ಅರ್ಥ ಹೇಳುತ್ತಿದ್ದಾರೆ. ಹಾಡುವುದಲ್ಲ, ಹೇಳುವುದು. ಅವರದ್ದು ಮೊದಲಿನಿಂದಲೂ ಹಾಗೇ, ಅದು ಅವರ ಸೊಗಸು. ಆದರೆ ಅವರು ಮಾತಾಡುವ ಅಷ್ಟೂ ಹೊತ್ತು ಹಿಂದೆ ಚಂಡೆ ಹೊಡೆಯುತ್ತಲೇ ಇದೆ. 'ಮಿಸ್ಟ್ರೆಸ್ ಡ್ರೆಡ್' ಅಂತ ಒಂದಿದೆ. ಗಿಟಾರು ಶುರುವಾದ ಕೂಡಲೇ ನನ್ನ ಕತ್ತು ತಾನಾಗಿ ಅಲ್ಲಾಡಿತು, ಅಷ್ಟು ಚೆನ್ನಾಗಿದೆ ಆ ರಿಫ್. ಎರಡು ನಿಮಿಷ ಕಳೆಯಿತು, ಅದೇ ರಿಫ್. ನಾಲ್ಕು ನಿಮಿಷ, ಅದೇ. ಮೇಲೆ ರೀಡ್ ತಮ್ಮ ಪಾಡಿಗೆ ತಾವು, ತಾಳಕ್ಕೂ ತಮಗೂ ಸಂಬಂಧವಿಲ್ಲದವರ ಹಾಗೆ. ಪಕ್ಕದ ಮನೆಯಲ್ಲಿ ಯಾರೋ ಡ್ರಿಲ್ಲಿಂಗ್ ಮಷೀನ್ ಹಾಕಿದ್ದಾರೆ, ಇಲ್ಲಿ ಅಜ್ಜ ಪುರಾಣ ಓದುತ್ತಿದ್ದಾರೆ. ಇಬ್ಬರದ್ದೂ ತಪ್ಪಿಲ್ಲ. ಆದರೆ ಇದನ್ನು ದುಡ್ಡು ಕೊಟ್ಟು ಯಾಕೆ ಕೇಳಬೇಕು?

'ದ ವ್ಯೂ' ಹಾಡಿನಲ್ಲಿ ಜೇಮ್ಸ್ ಹೆಟ್‌ಫೀಲ್ಡ್ ಮೇಜಿನ ಬಗ್ಗೆ ಕೂಗುವ ಒಂದು ಸಾಲಿದೆ. ಅದರ ಮೇಲೆ ಜಗತ್ತೇ ಜೋಕು ಮಾಡಿತು, ನಾನು ಮತ್ತೆ ಮಾಡೋದಿಲ್ಲ. ನನಗೆ ನಗು ಬರಲಿಲ್ಲ. ಹದಿನೈದನೇ ವಯಸ್ಸಿನಲ್ಲಿ ಆ ದನಿ ಕೇಳಿ ನನ್ನ ರೋಮ ನಿಮಿರಿತ್ತು. ಬೆಂಗಳೂರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಅಣ್ಣ ರಜೆಗೆ ಬಂದಾಗ ಪೂರ್ತಿ ಕಪ್ಪು ಹೊದಿಕೆಯ ಒಂದು ಕ್ಯಾಸೆಟ್ ತಂದಿದ್ದ. ಅಡಿಕೆ ಅಟ್ಟದ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಇಬ್ಬರೂ ಕೇಳಿದೆವು. ಕೆಳಗಿನಿಂದ ಅಮ್ಮ, "ಅದೇನ್ರೋ ಅದು, ಮಿಲ್ಲು ಕೆಟ್ಟಿದ್ಯಾ?" ಅಂತ ಕೂಗಿದರು. ಆಗ ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಪಠ್ಯಪುಸ್ತಕದಿಂದ ಕಲಿತದ್ದಕ್ಕಿಂತ ಆ ಕ್ಯಾಸೆಟ್ಟಿನ ಒಳಕಾಗದದಿಂದ ಕಲಿತದ್ದೇ ಹೆಚ್ಚು. ಇಂಟರ್‌ವ್ಯೂನಲ್ಲಿ ಹೇಳಲಿಲ್ಲ ಅಷ್ಟೇ.

ಆ ಕಪ್ಪು ಆಲ್ಬಂ ಬಂದದ್ದು 1991ರಲ್ಲಿ. ಅದು ಹೇಗೆ ಆಯ್ತು ಅನ್ನೋದೇ ಈಗ ನನಗೆ ಮುಖ್ಯ. ಬಾಬ್ ರಾಕ್ ಅಂತ ಹೊಸ ಪ್ರೊಡ್ಯೂಸರ್ ಬಂದರು. ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂತರು, ಹತ್ತು ಲಕ್ಷ ಡಾಲರ್ ಖರ್ಚು, ಮೂರು ಸಲ ಮಿಕ್ಸಿಂಗ್. 'ಎಂಟರ್ ಸ್ಯಾಂಡ್‌ಮನ್' ಗೊತ್ತಲ್ಲ, ಅರಮನೆ ಮೈದಾನದಲ್ಲಿ ಅಷ್ಟೂ ಜನ ಒಂದೇ ಗಂಟಲಾಗಿ ಹಾಡಿದ್ದು? ಅದಕ್ಕೆ ಹೆಟ್‌ಫೀಲ್ಡ್ ಮೊದಲು ಬರೆದದ್ದು ತೊಟ್ಟಿಲಲ್ಲೇ ಸಾಯುವ ಕೂಸಿನ ಬಗ್ಗೆ. ಬಾಬ್ ರಾಕ್ ಮತ್ತು ಡ್ರಮ್ಮರ್ ಲಾರ್ಸ್ ಉಲ್ರಿಚ್ ಇಬ್ಬರೂ, ಇದು ಸಾಲದು, ಇನ್ನೂ ಚೆನ್ನಾಗಿ ಬರೆಯೋಕೆ ನಿನ್ನಿಂದ ಆಗುತ್ತೆ ಅಂದರು. ಅವರಿಗೆ ಸಿಟ್ಟು ಬಂತು. ಆದರೂ ಮತ್ತೆ ಬರೆದರು. ಒಬ್ಬ ಮನುಷ್ಯ ಇನ್ನೊಬ್ಬನ ಮುಖಕ್ಕೆ "ಸಾಲದು" ಅಂದದ್ದರಿಂದ ಹುಟ್ಟಿದ ಹಾಡು ಅದು. ಇಪ್ಪತ್ತು ವರ್ಷ ಆದ ಮೇಲೂ ಬೆಂಗಳೂರಲ್ಲಿ ನಿಂತು ಜನ ಗಂಟಲು ಹರಿದುಕೊಳ್ಳುತ್ತಾರೆ.

ನನ್ನ ತಕರಾರು ಇಷ್ಟೇ. 'ಲುಲು' ಆದ ಆ ಕೋಣೆಯಲ್ಲಿ "ಸಾಲದು" ಅನ್ನೋರು ಯಾರೂ ಇರಲಿಲ್ಲ.

ಇಷ್ಟು ಹೇಳಿದ್ದಕ್ಕೇ ನನ್ನ ರೂಮ್‌ಮೇಟ್ ಹರಿಹಾಯ್ದ. ಮೂರು ದಿನದ ಹಿಂದೆ ನನ್ನ ಜತೆ ಕುಣಿದವನು. "ನಿಂದು ಮುದಿ ಕಿವಿ ಕಣೋ. ನಿಂಗೆ ಇನ್ನೂ ಮಾಸ್ಟರ್ ಆಫ್ ಪಪೆಟ್ಸೇ ಬೇಕು. ಆರ್ಟಿಸ್ಟು ಅಂದ್ಮೇಲೆ ಬದಲಾಗ್ಬೇಕಪ್ಪ."

ಇದು ಎಲ್ಲ ಕಡೆ ಕೇಳಿಬರುತ್ತಿರುವ ಮಾತು, ಅದಕ್ಕೇ ಇಲ್ಲಿ ಉತ್ತರಿಸುತ್ತೇನೆ. ಮೆಟಾಲಿಕಾ ಬದಲಾದಾಗೆಲ್ಲ ನಾನು ಅವರ ಹಿಂದೆಯೇ ಹೋಗಿದ್ದೇನೆ. 1996ರಲ್ಲಿ 'ಲೋಡ್' ಬಂತು. ಕೂದಲು ಕತ್ತರಿಸಿಕೊಂಡು, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಫೋಟೋಕ್ಕೆ ನಿಂತರು. ಹಾಸ್ಟೆಲ್ಲಿನಲ್ಲಿ ಸೂತಕದ ವಾತಾವರಣ. ನನಗೆ ಆ ಆಲ್ಬಂ ಇಷ್ಟವಾಯ್ತು, ಈಗಲೂ ಇಷ್ಟ. 1999ರಲ್ಲಿ ಮೈಕೆಲ್ ಕೇಮನ್ ನೇತೃತ್ವದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿಯ ಜತೆ ನುಡಿಸಿದರು. ಪಿಟೀಲು, ಕಹಳೆ, ಹೆವಿ ಮೆಟಲ್, ಎಲ್ಲ ಒಟ್ಟಿಗೆ. ಹುಚ್ಚು ಪ್ರಯೋಗವೇ. ಆದರೆ ಕೇಮನ್ ಒಂದೊಂದು ಹಾಡಿನಲ್ಲೂ ಗಿಟಾರು ಎಲ್ಲಿ ಜಾಗ ಬಿಡುತ್ತದೆ ಅಂತ ಹುಡುಕಿ ಅಲ್ಲಿ ಪಿಟೀಲು ತುಂಬಿಸಿದ್ದರು. 2003ರ 'ಸೇಂಟ್ ಆಂಗರ್' ಅಂತೂ ಡಬ್ಬ ಬಡಿದ ಹಾಗಿತ್ತು, ಅಷ್ಟುದ್ದದ ಆಲ್ಬಮ್ಮಿನಲ್ಲಿ ಒಂದೇ ಒಂದು ಗಿಟಾರ್ ಸೋಲೋ ಇಲ್ಲ. ಅದನ್ನೂ ಸಹಿಸಿಕೊಂಡೆ. ಬಾಸ್ ನುಡಿಸುತ್ತಿದ್ದ ಜೇಸನ್ ನ್ಯೂಸ್ಟೆಡ್ ಬಿಟ್ಟು ಹೋಗಿದ್ದರು, ಹೆಟ್‌ಫೀಲ್ಡ್ ಕುಡಿತ ಬಿಡಲು ಚಿಕಿತ್ಸೆಗೆ ಸೇರಿ ಬಂದಿದ್ದರು, ಬ್ಯಾಂಡು ಒಡೆಯುವುದರಲ್ಲಿತ್ತು. ಮನೆಗೆ ಬೆಂಕಿ ಬಿದ್ದಾಗ ರಾಗ ಸರಿಯಿಲ್ಲ ಅಂತ ಯಾರು ಹೇಳುತ್ತಾರೆ? 2008ರ 'ಡೆತ್ ಮ್ಯಾಗ್ನೆಟಿಕ್' ಹಾಡುಗಳು ಚೆನ್ನಾಗಿದ್ದವು, ಆದರೆ ಶಬ್ದವನ್ನು ಎಷ್ಟು ಏರಿಸಿದ್ದರೆಂದರೆ ಎಲ್ಲ ಒಡೆದು ಕರಕರ ಅನ್ನುತ್ತಿತ್ತು. ಗಿಟಾರ್ ಹೀರೋ ಎಂಬ ವಿಡಿಯೋ ಗೇಮಿನಲ್ಲಿ ಅವೇ ಹಾಡು ಇನ್ನೂ ಸ್ಪಷ್ಟವಾಗಿ ಕೇಳುತ್ತವೆ ಅಂತ ಕಂಡುಹಿಡಿದವರೂ ಅಭಿಮಾನಿಗಳೇ, ಆಲ್ಬಮ್ಮನ್ನು ಮತ್ತೆ ಮಿಕ್ಸ್ ಮಾಡಿ ಅಂತ ಮನವಿಗೆ ಸಹಿ ಹಾಕಿದವರೂ ಅಭಿಮಾನಿಗಳೇ. ಹಾಗಿರುವಾಗ ನಮಗೆ ಬದಲಾವಣೆ ಬೇಡ ಅನ್ನೋದು ಸುಳ್ಳು. ನಾವು ಗಮನ ಕೊಟ್ಟು ಕೇಳ್ತೀವಿ, ಅಷ್ಟೇ ನಮ್ಮ ತಪ್ಪು.

ಎರಡನೇ ಸಮರ್ಥನೆ: ಇದು ದುಡ್ಡಿಗೆ ಮಾಡಿದ್ದಲ್ಲ, ಪ್ರಾಮಾಣಿಕವಾಗಿ ಮಾಡಿದ್ದು. ಒಪ್ಪಿದೆ. ದುಡ್ಡೇ ಬೇಕಿದ್ದರೆ ಯಾರೂ ಇಂಥದ್ದನ್ನು ಮಾಡೋದಿಲ್ಲ. ಆದರೆ ಪ್ರಾಮಾಣಿಕವಾಗಿ ಬರೆದ ಕೆಟ್ಟ ಕವನ ಸಂಕಲನಗಳು ಕನ್ನಡದಲ್ಲಿ ಎಷ್ಟಿಲ್ಲ? ಒಂದು ನನ್ನದೇ ಇದೆ. ಇನ್ನೂರು ಪ್ರತಿ ಅಟ್ಟದ ಮೇಲಿದೆ, ಬೇಕಾದವರು ಹೇಳಿ.

ಮೂರನೆಯದು ಸ್ವಲ್ಪ ತೂಕದ ಮಾತು: ಇವು ನಾಟಕದ ಹಾಡುಗಳು, ಪಾತ್ರದ ಬಾಯಲ್ಲಿ ಬರುವ ಮಾತುಗಳು, ಹಾಗೇ ಕೇಳಬೇಕು. ರಂಗಗೀತೆ ಅಂದರೇನು ಅಂತ ನಮಗೆ ಬರ್ಲಿನ್ನಿನವರು ಬಂದು ಹೇಳಿಕೊಡಬೇಕಾಗಿಲ್ಲ. ಬಿ.ವಿ. ಕಾರಂತರು 'ಸತ್ತವರ ನೆರಳು' ಆಡಿಸಿದ್ದು ಎಪ್ಪತ್ತರ ದಶಕದಲ್ಲಿ. ಆ ನಾಟಕ ನೋಡದವರೂ ಅದರ ಹಾಡು ಹಾಡುತ್ತಾರೆ. ನಾನೂ ನಾಟಕಕ್ಕಿಂತ ಮುಂಚೆ ಹಾಡನ್ನೇ ಕೇಳಿದವನು. ರಂಗದಿಂದ ಇಳಿಸಿ ತಂದ ಹಾಡು ತನ್ನ ಕಾಲ ಮೇಲೆ ನಿಲ್ಲಬೇಕು. ನಿಲ್ಲದಿದ್ದರೆ ಅದನ್ನು ರಂಗದ ಮೇಲೇ ಬಿಡಬೇಕು. ಇಡೀ 'ಲುಲು'ವಿನಲ್ಲಿ ಹಾಗೆ ನಿಲ್ಲೋದು 'ಐಸ್ಡ್ ಹನಿ' ಒಂದು. ಅದು ಐದು ನಿಮಿಷದೊಳಗೆ ಮುಗಿಯುತ್ತದೆ ಅನ್ನೋದನ್ನೂ ಗಮನಿಸಿ.

ಲೂ ರೀಡ್ ಮೇಲೆ ನನಗೆ ದ್ವೇಷವಿಲ್ಲ. ವೆಲ್ವೆಟ್ ಅಂಡರ್‌ಗ್ರೌಂಡ್ ಕಟ್ಟಿದ ಮನುಷ್ಯ, 'ಟ್ರಾನ್ಸ್‌ಫಾರ್ಮರ್' ಕೊಟ್ಟ ಮನುಷ್ಯ. 1975ರಲ್ಲಿ ಒಂದು ಗಂಟೆಗೂ ಮೀರಿ ಬರೀ ಗಿಟಾರಿನ ಕಿರುಚಾಟವಿರುವ 'ಮೆಟಲ್ ಮಷೀನ್ ಮ್ಯೂಸಿಕ್' ಹೊರತಂದು, ಇರುವ ಕೇಳುಗರನ್ನೂ ಓಡಿಸಿದವರು. ಅವರು ಮೊದಲಿನಿಂದ ಹೇಗಿದ್ದರೋ ಆಗಲೂ ಹಾಗೇ ಇದ್ದರು. ಮೆಟಾಲಿಕಾ ಅಭಿಮಾನಿಗಳಿಂದ ತಮಗೆ ಬೆದರಿಕೆ ಬಂದಿದೆ ಅಂತ ಅವರು ಹೇಳಿದ್ದು ಓದಿ ನಾಚಿಕೆಯಾಯ್ತು. ಒಂದು ಹಾಡು ಹಿಡಿಸಲಿಲ್ಲ ಅಂತ ಅರವತ್ತೊಂಬತ್ತು ವರ್ಷದ ಹಿರಿಯರಿಗೆ ಬೆದರಿಕೆ ಹಾಕುವವನು ಕೇಳುಗನೇ ಅಲ್ಲ, ಪುಂಡ. ಆ ಪುಂಡರನ್ನು ತೋರಿಸಿ ನಮ್ಮೆಲ್ಲರ ಬಾಯಿ ಮುಚ್ಚಿಸುವುದೂ ಬೇಡ.

ನಮ್ಮಲ್ಲಿ ಈ ರೋಗ ಹೊಸದೇನಲ್ಲ. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರುಗಳು ಅಂತ ಕರೆದರು. ಎಂಥ ದೊಡ್ಡ ಮಾತು! ದೇವರು ಅಂದ ಮೇಲೆ ಎದುರಿಗಿಟ್ಟದ್ದು ನೈವೇದ್ಯ. ಉಪ್ಪು ಕಮ್ಮಿಯಾಗಿದೆ ಅನ್ನುವ ಹಕ್ಕಾದರೂ ದೇವರಿಗೆ ಬೇಡವಾ? ಆದರೆ ನಾವೇನು ಮಾಡಿದೆವು, ದೇವರ ಪಟ್ಟ ಬಿಟ್ಟು ಭಕ್ತರಾಗಿ ಕೂತೆವು. ಪಿಕ್ಚರ್ ಕೆಟ್ಟದಾಗಿದ್ದರೂ ಮೊದಲ ದಿನ ಕಟೌಟಿಗೆ ಹಾಲು. ಚೆನ್ನಾಗಿಲ್ಲ ಅಂದವನು ದ್ರೋಹಿ. ಇಂಗ್ಲಿಷ್ ಹಾಡು ಕೇಳೋ ನಾವು ಇದರಿಂದ ಮೇಲೆ ಅಂದುಕೊಂಡಿದ್ದೆ. ನನ್ನ ರೂಮ್‌ಮೇಟ್ 'ಲುಲು'ವಿಗೆ ಎರೆದ ಹಾಲು ನೋಡಿದ ಮೇಲೆ ಆ ಭ್ರಮೆ ಹೋಯ್ತು. ಆಫೀಸಿನಲ್ಲೂ ಇದೇ ಅಲ್ಲವಾ? ಮ್ಯಾನೇಜರ್ ತೋರಿಸಿದ ಪ್ಲಾನ್ ಆಗೋದಿಲ್ಲ ಅಂತ ಇಡೀ ಟೀಮಿಗೆ ಗೊತ್ತಿರುತ್ತೆ. ಮೀಟಿಂಗಲ್ಲಿ ಎಲ್ಲರೂ 'ಆಸಮ್'. ಕಾಫಿ ಮಷೀನ್ ಹತ್ತಿರ ಬಂದ ಮೇಲೆ ಸತ್ಯ. ಮೂವತ್ತು ವರ್ಷ ತುಂಬಿದ, ಸೋಲೇ ಕಾಣದ ಬ್ಯಾಂಡಿಗೆ ಆ ಕಾಫಿ ಮಷೀನಿನ ಮಾತು ಯಾರು ಮುಟ್ಟಿಸಬೇಕು?

ಒಬ್ಬರಿದ್ದರು. 'ಸೇಂಟ್ ಆಂಗರ್' ಆದ ಕಾಲದ ಜಗಳ, ಅಳು ಎಲ್ಲವನ್ನೂ ಚಿತ್ರೀಕರಿಸಿದ ಸಾಕ್ಷ್ಯಚಿತ್ರ 2004ರಲ್ಲಿ ಬಂತು, 'ಸಮ್ ಕೈಂಡ್ ಆಫ್ ಮಾನ್‌ಸ್ಟರ್' ಅಂತ. ಅದರಲ್ಲಿ ಲಾರ್ಸ್ ತನ್ನ ಅಪ್ಪನಿಗೆ ಹೊಸದೊಂದು ತುಣುಕು ಕೇಳಿಸುತ್ತಾರೆ. ಅಪ್ಪ ಟೋರ್ಬೆನ್ ಉಲ್ರಿಚ್, ಡೆನ್ಮಾರ್ಕಿನ ಹಳೇ ಟೆನಿಸ್ ಆಟಗಾರ, ಎದೆವರೆಗೆ ಬಿಳೀ ಗಡ್ಡ, ನಮ್ಮ ಕಡೆ ಸ್ವಾಮಿಗಳ ಹಾಗೆ. ಕೇಳಿ ಮುಗಿಸಿ, ನನ್ನ ಕೇಳಿದರೆ ಇದನ್ನು ಅಳಿಸಿಬಿಡು ಅನ್ನುತ್ತಾರೆ. ದನಿ ಏರಿಸೋದಿಲ್ಲ, ನಗೋದೂ ಇಲ್ಲ. ಕೋಟ್ಯಂತರ ರೆಕಾರ್ಡು ಮಾರಿದ ಮಗನ ಮುಖ ಆಗ ನೋಡಬೇಕು. ಪರೀಕ್ಷೆಯಲ್ಲಿ ಫೇಲಾದ ಹುಡುಗನ ಮುಖ. ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲು ಲಾರ್ಸ್ ಮೇಲೆ ಕನಿಕರ ಬರುತ್ತಿತ್ತು. ಈಗೀಗ ಅವರಷ್ಟು ಅದೃಷ್ಟವಂತರಿಲ್ಲ ಅನ್ನಿಸುತ್ತೆ.

ಕಳೆದ ವಾರ ಊರಿಗೆ ಹೋಗಿದ್ದೆ. ಅಡಿಕೆ ಕೊಯ್ಲು ಶುರುವಾಗಿದೆ. ಅಣ್ಣ ನೌಕರಿ ಬಿಟ್ಟು ಊರಿಗೆ ಮರಳಿ ಆರು ವರ್ಷವಾಯ್ತು. ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದ. ನಾನು ಲ್ಯಾಪ್‌ಟಾಪಿಗೆ ಸ್ಪೀಕರ್ ಹಾಕಿ 'ಲುಲು' ಹಚ್ಚಿದೆ. ಏನೂ ಹೇಳಲಿಲ್ಲ, ಯಾರದ್ದು ಅಂತಲೂ ಹೇಳಲಿಲ್ಲ. ಗಿಟಾರ್ ಕೇಳಿದ್ದೇ ಅವನ ತಲೆ ಮೇಲೆದ್ದಿತು, "ಇವರಾ?" ಅಂದ. ಹೌದು ಅಂದೆ. ನಾಲ್ಕು ಹಾಡು ಕೇಳಿದ. ಕೈ ನಿಲ್ಲಿಸಲಿಲ್ಲ. ಐದನೆಯದರ ಹೊತ್ತಿಗೆ, "ಅಲ್ಲ ಮಾರಾಯ, ಇವರಿಗೆ ಹೇಳೋರು ಕೇಳೋರು ಯಾರೂ ಇಲ್ವನಾ?" ಅಂದ.

ಬಂದ್ ಮಾಡಲು ಎದ್ದೆ. ಇರಲಿ, ಕೊನೆಯದೊಂದು ಕೇಳು ಅಂತ 'ಜೂನಿಯರ್ ಡ್ಯಾಡ್' ಹಾಕಿದೆ. ಹತ್ತೊಂಬತ್ತು ನಿಮಿಷದ್ದು. ಇದನ್ನು ಮೊದಲ ಸಲ ಕೇಳಿದಾಗ ಗಿಟಾರಿನ ಕಿರ್ಕ್ ಹ್ಯಾಮೆಟ್ ಮತ್ತು ಹೆಟ್‌ಫೀಲ್ಡ್ ಇಬ್ಬರೂ ಅಳು ತಡೆಯಲಾರದೆ ಕೋಣೆಯಿಂದ ಎದ್ದು ಹೋದರಂತೆ. ಹ್ಯಾಮೆಟ್ ಆಗಷ್ಟೇ ಅಪ್ಪನನ್ನು ಕಳೆದುಕೊಂಡಿದ್ದರು. ಇಲ್ಲಿ ಡ್ರಮ್ಮು ಕಾಯುತ್ತದೆ. ಮುದುಕನ ದನಿ ತಡವರಿಸಿದಾಗ ಗಿಟಾರು ತಾನೂ ನಿಧಾನಿಸುತ್ತದೆ. ಮಾತು ಮುಗಿದ ಮೇಲೂ ತಂತಿವಾದ್ಯಗಳ ಒಂದೇ ಎಳೆ ನಿಮಿಷಗಟ್ಟಲೆ ಹಾಗೇ ಉಳಿಯುತ್ತದೆ.

ಆ ಎಳೆ ಬಂದಾಗ ಅಣ್ಣನ ಕೈ ನಿಂತಿತ್ತು. ಒಳಗೆ ಅಪ್ಪ ಕೆಮ್ಮಿದರು. ಹಾಡು ಮುಗಿದು ಸುಮಾರು ಹೊತ್ತಾದ ಮೇಲೆ ಅಣ್ಣ, "ಇದೊಂದು ನನ್ನ ಪೆನ್‌ಡ್ರೈವಿಗೆ ಹಾಕಿಡು, ಉಳಿದದ್ದು ಬೇಡ" ಅಂತ ಹೇಳಿ ಇನ್ನೊಂದು ಗೊನೆ ಎಳೆದುಕೊಂಡ.